ಹಾಸನದಲ್ಲಿ ಕೂತು ಕನ್ನಡದಲ್ಲೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಬಹುದಾ?

ಆಡಿಸಬಹುದು. ನಾನು ಮೂರು ವರ್ಷದಿಂದ ಆಡಿಸುತ್ತಿದ್ದೇನೆ.

ಹಾಸನದಲ್ಲಿ ಆಡುವ ಗುಂಪಿಲ್ಲ, ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಗೆಳೆಯರಿಗೆ ಇದರ ಗಂಧಗಾಳಿ ಇಲ್ಲ, ಹೀಗಿರುವಾಗ ನಾನೇ ಕಥೆ ನಡೆಸುವ ಡಂಜನ್ ಮಾಸ್ಟರ್ ಆಗಿ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ನೀವೇ ಶುರು ಮಾಡದೆ ಬೇರೆ ದಾರಿಯೂ ಇಲ್ಲ. ಗುಂಪು ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಆಡಿಸೋಕೆ ಒಬ್ಬರು ಇದ್ದಾರೆ ಅಂದರೆ ನಾಲ್ಕು ಜನ ಹೇಗೋ ಸೇರುತ್ತಾರೆ. ನಮ್ಮಲ್ಲಿ ಇಬ್ಬರು ಬ್ಯಾಂಕಿನವರು, ಒಬ್ಬ ಮೊಬೈಲ್ ಅಂಗಡಿಯವನು, ಒಬ್ಬ ಸಕಲೇಶಪುರದ ಕಡೆ ಕಾಫಿ ತೋಟ ಇರುವವನು. ಎರಡನೇ ಶನಿವಾರ ಬ್ಯಾಂಕಿಗೆ ರಜ. ಅವತ್ತೇ ಆಟ.

ಇದು ಯಾವ ಥರದ ಆಟ ಅಂತ ಗೆಳೆಯರಿಗೆ ಹೇಳುವುದೇ ಕಷ್ಟ, ಅಲ್ವಾ? ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡಿ ಕಥೆ ಕಟ್ಟುವುದು. ಬೋರ್ಡ್ ಇಲ್ಲದಿದ್ದರೂ ನಡೆಯುತ್ತದೆ, ಗೆದ್ದವರು ಸೋತವರು ಅಂತಿಲ್ಲ. ನಾನು ವಿಡಿಯೋ ಗೇಮ್‌ಗೆ ಹೋಲಿಸಿ ಹೇಳೋಕೆ ಹೋಗಿ ಇನ್ನೂ ಗೊಂದಲ ಮಾಡಿದೆ. ಕೊನೆಗೆ ತೋಟದವನೇ ಕಾಪಾಡಿದ. ಅವನ ಅಜ್ಜಿಮನೆ ಶೃಂಗೇರಿ ಕಡೆ. ಮಳೆಗಾಲದಲ್ಲಿ ತಾಳಮದ್ದಳೆ ಕೇಳಿಕೊಂಡು ಬೆಳೆದವನು. "ಓ, ವೇಷ ಹಾಕದೆ ಕೂತು ಅರ್ಥ ಹೇಳೋದು, ಅಷ್ಟೇ ತಾನೆ" ಅಂದ. ಅಷ್ಟೇ. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್, ಅರ್ಥಧಾರಿಗಳ ಜಾಗದಲ್ಲಿ ಆಟಗಾರರು. ಆದರೆ ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ಮಾತಾಡಲಿ, ಕೊನೆಗೆ ಸಾಯಲೇಬೇಕು. ಇಲ್ಲಿ ಕರ್ಣನ ಕೈಗೂ ಒಂದು ದಾಳ ಕೊಡುತ್ತೇವೆ.

ನಿಯಮಕ್ಕೆ ಹೆದರಬೇಡಿ. ದುಡ್ಡು ಕೊಟ್ಟು ಪುಸ್ತಕ ತರಿಸಬೇಕಾಗಿಯೂ ಇಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಆ ನಿಯಮಗಳ ಕಡತದ ಹೆಸರು ಎಸ್‌ಆರ್‌ಡಿ (SRD) 5.1. ಹಾಗಂತಲೇ ಹುಡುಕಿ, ಪುಕ್ಕಟೆ ಸಿಗುತ್ತದೆ. ಮೂಲ ಎಲ್ಲಿಯದು ಅಂತ ಹೇಳಿದರೆ ಸಾಕು, ಕನ್ನಡಕ್ಕೆ ಮಾಡಿಕೊಂಡು ಹಂಚಬಹುದು. ಸುಮಾರು 400 ಪುಟ ಇದೆ. ಪೂರ್ತಿ ಓದೋಕೆ ಹೋದರೆ ಆಟ ಮುಂದಿನ ಯುಗಾದಿಗೇ.

ತಿರುಳು ಇಷ್ಟು. ನಮ್ಮ ಮೊದಲ ಕಥೆ ನಡೆದದ್ದು ಮಂಜರಾಬಾದ್ ಕೋಟೆಯಲ್ಲಿ. 1792ರಲ್ಲಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಇಂಥದ್ದು ಪಕ್ಕದಲ್ಲೇ ಇರುವಾಗ ನಕ್ಷೆ ಬರೆಯುವ ಕೆಲಸ ಯಾಕೆ? ಹೆಸರು ಬದಲಾಯಿಸಿ, ಟಿಪ್ಪುವಿನ ಸೈನಿಕರ ಜಾಗದಲ್ಲಿ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರನ್ನು ಕೂರಿಸಿದೆ. ಈಗ ಆಟಗಾರ "ಗೋಡೆ ಹತ್ತುತ್ತೀನಿ" ಅನ್ನುತ್ತಾನೆ. ಮಳೆ, ಪಾಚಿ. ಕಷ್ಟ 15 ಅಂತ ಮನಸ್ಸಲ್ಲೇ ನಿಗದಿ ಮಾಡಿಕೊಳ್ಳುತ್ತೀರಿ. ಅವನು 20 ಮುಖದ ದಾಳ ಹಾಕಿ, ತನ್ನ ಪಾತ್ರದ ಬಲಕ್ಕೆ ಸಿಗುವ 3 ಸೇರಿಸುತ್ತಾನೆ. 15 ಮುಟ್ಟಿದರೆ ಹತ್ತಿದ. ಅಂದರೆ ದಾಳದಲ್ಲಿ 12 ಅಥವಾ ಜಾಸ್ತಿ ಬೀಳಬೇಕು. ನೂರಕ್ಕೆ 45 ಅವಕಾಶ. ಮೇಲಿಂದ ಗೆಳೆಯ ಹಗ್ಗ ಹಿಡಿದಿದ್ದರೆ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆಗ ನೂರಕ್ಕೆ 70ರ ಹತ್ತಿರ. ಹೊಡೆದಾಟವೂ ಹೆಚ್ಚೂಕಡಿಮೆ ಇದೇ ಲೆಕ್ಕ. ಇಷ್ಟು ಗೊತ್ತಿದ್ದರೆ ಮೊದಲ ದಿನ ಆಡಿಸಬಹುದು.

ದಾಳ ಹಾಸನದ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಏಳು ದಾಳದ ಸೆಟ್ ಆನ್‌ಲೈನ್‌ನಲ್ಲಿ ತರಿಸಿದೆ. ಅದು ಬರುವ ತನಕ 1ರಿಂದ 20 ಬರೆದ ಚೀಟಿಗಳನ್ನು ಸ್ಟೀಲ್ ಚೊಂಬಿಗೆ ಹಾಕಿ ಎತ್ತಿದೆವು. ನಾಚಿಕೆಪಡಬೇಕಾದ್ದೇನಿಲ್ಲ. 1979ರ ಸುಮಾರಿಗೆ ದಾಳದ ಕೊರತೆಯಾದಾಗ ಈ ಆಟದ ಕಂಪನಿಯೇ ಪೆಟ್ಟಿಗೆಯೊಳಗೆ ದಾಳದ ಬದಲು ನಂಬರ್ ಚೀಟಿ ಇಟ್ಟು ಮಾರಿತ್ತು. ದಾಳ ಬಂದ ಮೇಲೆ ಶುರುವಾದದ್ದು ಅಮ್ಮನ ತಕರಾರು: "ಮನೆಯೊಳಗೆ ದಾಳ ಬೇಡಪ್ಪ, ಧರ್ಮರಾಯನ ಕಥೆ ಏನಾಯ್ತು ಗೊತ್ತಲ್ಲ." ಯಾರೂ ದುಡ್ಡು ಕಟ್ಟುವುದಿಲ್ಲ ಅಂತ ನಂಬಿಸೋಕೆ ಎರಡು ತಿಂಗಳು ಹಿಡಿಯಿತು. ಈಗ ಅವರೇ ಚುರುಮುರಿ ಮಾಡಿಕೊಡುತ್ತಾರೆ. ಎಣ್ಣೆ ಕೈಯಲ್ಲಿ ಪಾತ್ರದ ಹಾಳೆ ಮುಟ್ಟಬಾರದು ಅನ್ನುವುದು ನಮ್ಮ ಮನೆಯ ಏಕೈಕ ಸ್ವಂತ ನಿಯಮ.

ಇನ್ನು ನಾನು ಮಾಡಿದ ತಪ್ಪುಗಳು. ಮೊದಲ ದಿನಕ್ಕೆ 12 ಪುಟ ಕಥೆ ಬರೆದಿದ್ದೆ. ರಾಜವಂಶ, ಶಾಪ, ಕಳೆದುಹೋದ ಕಿರೀಟ, ಎಲ್ಲ. ಅದನ್ನು ಇಂಗ್ಲಿಷಿನಲ್ಲಿ ಓದಿದೆ. ಮೂರನೇ ಪುಟಕ್ಕೆ ಎಲ್ಲರ ಕೈಯಲ್ಲೂ ಮೊಬೈಲ್. ಗಾಬರಿಯಾಗಿ ಆರು ಗಾಬ್ಲಿನ್ ಬಿಟ್ಟೆ. ಎಷ್ಟು ಏಟು ತಾಳಬಹುದು ಅನ್ನುವ ಲೆಕ್ಕಕ್ಕೆ ಹಿಟ್ ಪಾಯಿಂಟ್ ಅನ್ನುತ್ತಾರೆ. ಗಾಬ್ಲಿನ್‌ಗೆ ಇರುವುದು 7, ಪಾಪದ ಪ್ರಾಣಿ ಅಂತ ನನ್ನ ಲೆಕ್ಕ. ಆದರೆ ನಮ್ಮ ಮಾಂತ್ರಿಕನಿಗೂ ಇದ್ದದ್ದು ಅದೇ 7. ಒಂದು ಏಟಿಗೆ 3ರಿಂದ 8ರ ತನಕ ಹೋಗುತ್ತದೆ. ಎರಡನೇ ಸುತ್ತಿಗೆ ಇಬ್ಬರು ನೆಲಕ್ಕೆ. ಹತ್ತಿರದಿಂದ ಹೊಡೆದು ಬೀಳಿಸಿದವರು ಕೊಲ್ಲದೆ ಪ್ರಜ್ಞೆ ಮಾತ್ರ ತಪ್ಪಿಸಬಹುದು ಅಂತ ನಿಯಮದಲ್ಲೇ ಇದೆ. ಅದನ್ನು ಹಿಡಿದುಕೊಂಡು ಎಲ್ಲರನ್ನೂ ಕಟ್ಟಿಹಾಕಿಸಿ, ಕಾಫಿ ಕುಡಿಯೋಕೆ ಎದ್ದೆ. ನಾಲ್ಕು ಜನ ಹೊಸಬರಿಗೆ ಮೊದಲ ಸಲ ಎರಡು ಗಾಬ್ಲಿನ್ ಸಾಕು, ಮೂರು ಜಾಸ್ತಿ.

ಮುಂದಿನ ತಿಂಗಳ ಎರಡನೇ ಶನಿವಾರ ಮತ್ತೆ ಬಂದರು, ಅದೇ ನನಗೆ ಆಶ್ಚರ್ಯ. ಅವತ್ತು ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಟ್ಟು ಬಿಡಿಸಿಕೊಂಡು ಕೋಟೆಯ ಮದ್ದುಗುಂಡಿನ ಕೋಣೆ ಹತ್ತಿರ ಬಂದಿದ್ದರು. ಬಾಗಿಲಲ್ಲಿ ಒಂದು ಮುದಿ ಗಾಬ್ಲಿನ್ ಕೂತಿದೆ. ನನ್ನ ಚೀಟಿಯಲ್ಲಿದ್ದದ್ದು: ಕಂಡ ಕೂಡಲೇ ಕೂಗಿಕೊಳ್ಳುತ್ತಾಳೆ, ಒಳಗಿಂದ ಇಬ್ಬರು ಬರುತ್ತಾರೆ. ಮೊಬೈಲ್ ಅಂಗಡಿಯವನದು ಕಳ್ಳನ ಪಾತ್ರ. ಕತ್ತಿ ತೆಗೆಯುತ್ತಾನೆ ಅಂದುಕೊಂಡೆ. ಅವನು ಸ್ವಲ್ಪ ಮುಂದಕ್ಕೆ ಬಾಗಿ, "ಏನಜ್ಜಿ, ಊಟ ಆಯ್ತಾ?" ಅಂದ.

ನನಗೆ ಏನೂ ತೋಚಲಿಲ್ಲ. ಊಟ ಆಯ್ತಾ ಅಂತ ಕೇಳಿದವನನ್ನು ನೋಡಿ ಕೂಗಿಕೊಳ್ಳುವುದು ಹೇಗೆ? "ಎಲ್ಲಿ ಊಟನಪ್ಪ, ಒಳಗಿರೋರು ತಿಂದು ಮಿಕ್ಕಿದ್ರೆ ತಾನೆ" ಅಂತ ಬಾಯಿಗೆ ಬಂದದ್ದು ಹೇಳಿದೆ. ಅವನು ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟ. ಬ್ಯಾಂಕಿನ ಇಬ್ಬರಲ್ಲಿ ಶಾಂತಸ್ವಭಾವದವಳು, "ಮಗ ಸೊಸೆ ನೋಡ್ಕೊಳಲ್ವಾ ಅಜ್ಜಿ?" ಅಂತ ಶುರು ಮಾಡಿದಳು. ಮುಂದಿನ ಮುಕ್ಕಾಲು ಗಂಟೆ ಯಾರೂ ದಾಳ ಮುಟ್ಟಲಿಲ್ಲ, ಮೊಬೈಲ್ ಕೂಡ. ಹಿಂದಿನ ಬಾಗಿಲು ಎಲ್ಲಿದೆ ಅಂತ ಅಜ್ಜಿಯೇ ಹೇಳಿದಳು. ನನ್ನ 12 ಪುಟದ ಕಿರೀಟ ಈಗಲೂ ಯಾರಿಗೂ ನೆನಪಿಲ್ಲ.

ಅಲ್ಲಿಂದೀಚೆಗೆ ನಾನು ಕಥೆ ಬರೆಯುವುದನ್ನು ಬಿಟ್ಟೆ. ಒಂದು ಜಾಗ, ಅಲ್ಲಿ ಮೂರು ಜನ, ಮೂವರಿಗೂ ಒಂದೊಂದು ಆಸೆ, ಒಂದೊಂದು ದೂರು. ಅರ್ಧ ಪುಟ ಸಾಕು. ಉಳಿದದ್ದಕ್ಕೆ "ಈಗ ಏನ್ಮಾಡ್ತೀರಿ?" ಅಂತ ಕೇಳಿ ಸುಮ್ನೆ ಕೂರುವುದು. ಆ ಸುಮ್ನೆ ಕೂರುವುದೇ ಕಷ್ಟ. ದಾಳ ಹಾಕಿಸುವುದು ಆಗಲೂಬಹುದು, ಕೆಡಲೂಬಹುದು ಅನ್ನುವಾಗ ಮಾತ್ರ. ಅಜ್ಜಿಗೆ ರೊಟ್ಟಿ ಕೊಡೋಕೆ ದಾಳ ಯಾಕೆ?

ಕನ್ನಡದಲ್ಲಿ ಆಡಿ ಅಂತ ನಾನು ಹಟ ಹಿಡಿಯುವುದು ಭಾಷಾಭಿಮಾನಕ್ಕಲ್ಲ, ಆಟಕ್ಕೇ ಲಾಭ ಇದೆ. ಇಂಗ್ಲಿಷಿನಲ್ಲಿ ರಾಜನಿಗೂ 'ಯೂ', ನಾಯಿಗೂ 'ಯೂ'. ನಮ್ಮಲ್ಲಿ ಕಾವಲುಗಾರ "ಯಾರೋ ಅದು" ಅಂದನೋ, "ಯಾರ್ರೀ ಅದು" ಅಂದನೋ, "ಯಾರು ಸ್ವಾಮಿ ತಾವು" ಅಂದನೋ ಅನ್ನುವುದರಲ್ಲೇ ಅವನ ಮನಸ್ಸು ಗೊತ್ತಾಗಿಬಿಡುತ್ತದೆ. ನಾಟಕೀಯವಾಗಿ ದನಿ ಬದಲಿಸಬೇಕಾಗಿಲ್ಲ. ಒಂದು ಸಲ ನಮ್ಮ ಯೋಧ ಪಾಳೇಗಾರನಿಗೆ ನೇರ "ನೀನು" ಅಂದುಬಿಟ್ಟ. ಆಟದಲ್ಲಿದ್ದರೂ ಎಲ್ಲರೂ ತೆಪ್ಪಗಾದರು. ಎರಡು ಸಲ ಹಾಕಿ ಚಿಕ್ಕದನ್ನು ಇಟ್ಟುಕೋ ಅಂದೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಹಾಗಂತ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಬೇಡಿ. ಬಲ, ಚುರುಕು, ತ್ರಾಣ, ಬುದ್ಧಿ, ವಿವೇಕ, ವರ್ಚಸ್ಸು ಅಂತ ಆರು ಗುಣಗಳು ಚೆನ್ನಾಗಿ ಕೂತವು. ಹಿಟ್ ಪಾಯಿಂಟ್ ಹಾಗೇ ಉಳಿಯಿತು. ಏಟು ತಾಗೋಕೆ ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕ ಆರ್ಮರ್ ಕ್ಲಾಸ್. ಅದಕ್ಕೆ 'ಕವಚಾಂಕ' ಅಂತ ನಾನು ಮಾಡಿದ್ದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

ಕೊನೆಯದಾಗಿ ದಿನಾಂಕದ ವಿಷಯ. ಎಲ್ಲರೂ ಬರಲಿ ಅಂತ ಕಾದರೆ ಆಟ ಸಾಯುತ್ತದೆ. ಮೂರು ಜನ ಬಂದರೆ ಆಡುತ್ತೇವೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು, ತೋಟದವನು ಇತ್ತ ತಲೆ ಹಾಕುವುದಿಲ್ಲ. ಹೋದ ವರ್ಷ ಅವನ ಯೋಧನಿಗೆ ಜ್ವರ ಬರಿಸಿ ಗಾಬ್ಲಿನ್ ಅಜ್ಜಿಯ ಹತ್ತಿರ ಮಲಗಿಸಿದ್ದೆ. ಕೊಯ್ಲು ಮುಗಿಸಿ ಬಂದವನು ಹಾಳೆ ನೋಡಿ, "ನನ್ನ ಎರಡು ಚಿನ್ನದ ನಾಣ್ಯ ಎಲ್ರೋ?" ಅಂದ. ಅಜ್ಜಿಗೆ ಎಲೆ ಅಡಿಕೆ ತರಿಸೋಕೆ ಉಳಿದವರು ಖರ್ಚು ಮಾಡಿದ್ದರು.