ಬಟನ್, ಗುಂಡಿ ಮತ್ತು ಮೊಗ್ಗು

ಪ್ರಶ್ನೆ: ಅಂಗಿಗೆ ಹೊಲಿಯುವುದೂ ಬಟನ್, ಕರೆಗಂಟೆ ಬಾರಿಸಲು ಒತ್ತುವುದೂ ಬಟನ್, ಮೊಬೈಲ್ ಪರದೆಯ ಮೇಲೆ ಕಾಣುವ ಚಿತ್ರವೂ ಬಟನ್. ಇವಕ್ಕೆಲ್ಲ ಒಂದೇ ಹೆಸರು ಹೇಗೆ ಬಂತು? ಕನ್ನಡದಲ್ಲಿ ಎಲ್ಲಕ್ಕೂ ‘ಗುಂಡಿ’ ಎನ್ನಬಹುದೇ?

ಉತ್ತರ: ಇಂಗ್ಲಿಷಿಗೆ ಈ ಪದ ಬಂದದ್ದು ಹಳೆಯ ಫ್ರೆಂಚಿನಿಂದ, ಅಲ್ಲಿ ಅದಕ್ಕೆ ಮೊಗ್ಗು ಎಂಬ ಅರ್ಥವಿತ್ತು. ಅದರ ಹಿಂದಿರುವುದು ‘ನೂಕು’ ಎಂಬ ಅರ್ಥದ ಕ್ರಿಯಾಪದ; ಕೊಂಬೆಯಿಂದ ತನ್ನನ್ನು ತಾನೇ ಹೊರಕ್ಕೆ ನೂಕಿಕೊಳ್ಳುವುದು ಮೊಗ್ಗು ತಾನೆ? ಇಂದಿನ ಫ್ರೆಂಚಿನಲ್ಲಿಯೂ ಮೊಗ್ಗು, ಅಂಗಿಯ ಗುಂಡಿ ಮತ್ತು ಮುಖದ ಮೊಡವೆ ಈ ಮೂರಕ್ಕೂ ಒಂದೇ ಪದವಿದೆ. ಬಟ್ಟೆಯ ಮೇಲೆ ಮೊಗ್ಗಿನಂತೆ ಉಬ್ಬಿ ನಿಂತ ವಸ್ತುವಿಗೆ ಸಂದ ಹೆಸರು, ಆಕಾರದ ಹೋಲಿಕೆಯಿಂದಲೇ ಮುಂದೆ ಯಂತ್ರಗಳ ಮೇಲಿನ ಉಬ್ಬಿಗೂ ಅಂಟಿಕೊಂಡಿತು. ಪರದೆಯ ಬಟನ್ನಿನಲ್ಲಿ ಆ ಉಬ್ಬೂ ಇಲ್ಲ, ಒತ್ತುವ ಕ್ರಿಯೆಯೊಂದೇ ಉಳಿದಿದೆ. ಮೂಲಾರ್ಥಕ್ಕೆ ಅತಿ ಹತ್ತಿರವಿರುವುದು ಬಟನ್ ಅಣಬೆ ಎಂದು ನನಗನ್ನಿಸುತ್ತದೆ. ಅದು ಕೊಡೆ ಬಿಚ್ಚುವ ಮೊದಲೇ ಕೊಯ್ದ ಎಳೆಯ ಅಣಬೆ, ನಿಜಕ್ಕೂ ಮೊಗ್ಗು. ಬೆಳೆಯಲು ಬಿಟ್ಟರೆ ಅದೇ ಜಾತಿ ಅಗಲ ಕೊಡೆಯ ಪೋರ್ಟೊಬೆಲೊ ಆಗುತ್ತದೆ.

ಇನ್ನು ಕನ್ನಡದ ಮಾತು. ‘ಗುಂಡಿ’ ಎಂದರೆ ತಗ್ಗು ಎಂಬ ಅರ್ಥವೂ ಇರುವುದರಿಂದ ಗೊಂದಲವಾಗುತ್ತದೆಂದು ಕೆಲವರು ಅಂಜುತ್ತಾರೆ. ಆದರೆ ಗುಂಡಿ ತೋಡಿದರು, ಗುಂಡಿ ಹೊಲಿದರು, ಗುಂಡಿ ಒತ್ತಿದರು ಎಂಬ ಮೂರು ಮಾತುಗಳನ್ನು ಕೇಳಿದ ಯಾರೂ ಒಂದನ್ನು ಇನ್ನೊಂದೆಂದು ತಿಳಿಯುವುದಿಲ್ಲ, ಏಕೆಂದರೆ ಅರ್ಥವನ್ನು ಅಲ್ಲಿ ನಿರ್ಣಯಿಸುವುದು ಕ್ರಿಯಾಪದ. ಕ್ರಿಯಾಪದವಿಲ್ಲದೆ ಹೆಸರನ್ನಷ್ಟೇ ಬರೆಯಬೇಕಾದಲ್ಲಿ, ಯಂತ್ರಗಳ ಮಟ್ಟಿಗೆ, ‘ಒತ್ತುಗುಂಡಿ’ ಎಂದರೆ ಸಂದೇಹಕ್ಕೆ ಎಡೆಯಿರದು. ಟಿಚ್ ಬಟನ್ ಎಂಬುದು ಹೊಲಿಗೆಯವರ ಬಾಯಲ್ಲಿ ನೆಲೆನಿಂತ ಮಾತು, ಅದನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಗುಂಡಿ ತೂರುವ ಸೀಳಿಗೆ ನಾವು ಹೇಳುವ ‘ಕಾಜ’ ಕೂಡ ಹೊರಗಿನಿಂದ ಬಂದದ್ದೇ: ಅದರ ಮೂಲವಾದ ಪೋರ್ಚುಗೀಸಿನ ‘ಕಾಜಾ’ ಎಂಬ ಪದಕ್ಕೆ ಮನೆ ಎಂಬ ಅರ್ಥವೂ ಇದೆ, ಗುಂಡಿ ಸೇರುವ ಸೀಳು ಎಂಬ ಅರ್ಥವೂ ಇದೆ.

ಎಲ್ಲಕ್ಕೂ ‘ಗುಂಡಿ’ ಸಲ್ಲದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಇಂಗ್ಲಿಷಿನವರು ಮಕ್ಕಳೊಡನೆ ಮಾತಾಡುವಾಗ ಹೊಕ್ಕುಳನ್ನು ಹೊಟ್ಟೆಯ ಬಟನ್ ಎನ್ನುತ್ತಾರೆ. ಅದನ್ನು ‘ಹೊಟ್ಟೆಯ ಗುಂಡಿ’ ಎಂದು ಅನುವಾದಿಸಿದರೆ, ಓದಿದ ಮಗು ತನ್ನ ಅಂಗಿಯ ಗುಂಡಿಯನ್ನು ಹುಡುಕುತ್ತದೆಯೇ ಹೊರತು ಹೊಕ್ಕುಳನ್ನಲ್ಲ.