ಆನ್‌ಲೈನ್‌ನವರು ತೆರಿಗೆ ಕಟ್ಟುವುದಿಲ್ಲವೆಂದು ನಂಬಿ ನಾನು ಕಳೆದುಕೊಂಡ ಗಿರಾಕಿಗಳು

ಆನ್‌ಲೈನ್‌ನವರು ತೆರಿಗೆ ತಪ್ಪಿಸಿಕೊಳ್ಳುವಾಗ ಗೌರಿಬಿದನೂರಿನ ನಿಮ್ಮ ಹಾರ್ಡ್‌ವೇರ್ ಅಂಗಡಿಯನ್ನು ಕಾಂಪೋಸಿಷನ್‌ಗೆ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಯೋಜನೆಗೆ, ಬದಲಿಸಿ ಶೇ. 1ರಷ್ಟೇ ಕಟ್ಟುವುದು ಸರಿಯಲ್ಲವೇ ಎಂದು ಕೇಳಿದ್ದೀರಿ. 2019ರ ಏಪ್ರಿಲ್‌ನಲ್ಲಿ ಆ ಯೋಜನೆಯ ವಹಿವಾಟಿನ ಮಿತಿ 1.5 ಕೋಟಿ ರೂಪಾಯಿಗೆ ಏರಿದಾಗ, ತುಮಕೂರಿನ ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿದ್ದ ನಾನೂ ಹೀಗೆಯೇ ಯೋಚಿಸಿ ಅದಕ್ಕೆ ಸೇರಿದೆ.

ನನ್ನ ವ್ಯಾಪಾರದ ಅರ್ಧ ಪಾಲು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್‌ಗಳದ್ದು, ಅವರೆಲ್ಲರೂ ಜಿಎಸ್‌ಟಿ ನೋಂದಣಿ ಇದ್ದವರು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಾಂಪೋಸಿಷನ್‌ನಲ್ಲಿರುವವನು ಬಿಲ್ಲಿನಲ್ಲಿ ತೆರಿಗೆಯನ್ನು ತೋರಿಸಿ ವಸೂಲು ಮಾಡುವಂತಿಲ್ಲ. ತಾನು ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನೂ ಹಿಂಪಡೆಯುವಂತಿಲ್ಲ. ಬೆಲೆ 5,000, ಶೇ. 18ರ ತೆರಿಗೆ 900, ಒಟ್ಟು 5,900 ರೂಪಾಯಿಯ ಡ್ರಿಲ್ ಮೆಷಿನ್ನನ್ನು ತೆರಿಗೆ ಬಿಲ್ಲಿನೊಂದಿಗೆ ಕೊಂಡ ವರ್ಕ್‌ಶಾಪ್‌ನವರಿಗೆ 900 ರೂಪಾಯಿ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ಅದನ್ನೇ ನನ್ನಲ್ಲಿ 5,900ಕ್ಕೆ ಕೊಂಡರೆ ಅವರ ಪಾಲಿಗೆ ಪೂರ್ತಿ 5,900 ಖರ್ಚು. ನಾನು 900 ರೂಪಾಯಿ ಇಳಿಸಿ ಕೊಡೋಣವೆಂದರೆ ನನ್ನ ಲಾಭ ಅಷ್ಟಿರಲಿಲ್ಲ. ನಾಲ್ಕು ತಿಂಗಳ ನಂತರ ಹಳೆಯ ಗಿರಾಕಿಯೊಬ್ಬರು ಬಂದು, ‘ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ಆನ್‌ಲೈನ್‌ನಲ್ಲಿ ನಮ್ಮ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಕೊಡುತ್ತಾರೆ’ ಎಂದರು. ಅವರು ನನ್ನನ್ನು ಬಿಟ್ಟದ್ದು ಆನ್‌ಲೈನ್‌ನವರು ತೆರಿಗೆ ಕಟ್ಟುವುದಿಲ್ಲವೆಂದಲ್ಲ, ಕಟ್ಟಿ ಅದಕ್ಕೆ ಬಿಲ್ ಕೊಡುತ್ತಾರೆಂದು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕಾಂಪೋಸಿಷನ್‌ನಲ್ಲಿಲ್ಲದ ಅಂಗಡಿಗೂ ಆನ್‌ಲೈನ್‌ನವರಿಗೂ ಒಂದೇ ಸರಕಿಗೆ ತೆರಿಗೆ ದರ ಒಂದೇ. ಹೊರರಾಜ್ಯಕ್ಕೂ ಮಾರುವ ಆನ್‌ಲೈನ್ ವ್ಯಾಪಾರಿ ಮೊದಲ ರೂಪಾಯಿಯಿಂದಲೇ ನೋಂದಣಿ ಮಾಡಿಸಬೇಕು. ಅವನ ಮಾರಾಟದ ಹಣದಲ್ಲಿ ಶೇ. 0.5ನ್ನು ಜಾಲತಾಣದವರು ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ರಾಜ್ಯದೊಳಗೇ ಸರಕು ಮಾರುವ ನಮಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿಯ ವಿನಾಯಿತಿಯಿದೆ. ಅನ್ಯಾಯ ಇರುವುದು ತೆರಿಗೆಯಲ್ಲಲ್ಲ, ರಿಯಾಯಿತಿಯಲ್ಲಿ: ಡಿಸ್ಟ್ರಿಬ್ಯೂಟರ್ ನಮಗೆ ಕೊಡುವ ದರಕ್ಕಿಂತ ಕಡಿಮೆಗೆ ಆನ್‌ಲೈನ್‌ನವರು ಗ್ರಾಹಕನಿಗೇ ಮಾರುತ್ತಾರೆ. ನಮ್ಮ ವರ್ತಕರ ಸಂಘಗಳು ಕೂಗಬೇಕಾದದ್ದು ಇದರ ವಿರುದ್ಧ.

ನಾನು ಆ ವರ್ಷವೇ ಕಾಂಪೋಸಿಷನ್ ಬಿಟ್ಟು ಹೊರಬಂದೆ. ಅಂಗಡಿಯಲ್ಲಿದ್ದ ದಾಸ್ತಾನಿನ ಮೇಲಿನ ಇನ್‌ಪುಟ್ ಕ್ರೆಡಿಟ್ ಪಡೆಯಲು 30 ದಿನಗಳೊಳಗೆ ಐಟಿಸಿ-01 ಎಂಬ ನಮೂನೆ ಸಲ್ಲಿಸಬೇಕಿತ್ತು, ಸಲ್ಲಿಸಿದೆ. ಹೋದ ಹತ್ತು ವರ್ಕ್‌ಶಾಪ್‌ಗಳಲ್ಲಿ ಆರು ಮರಳಿದವು. ನೀವು ಅರ್ಜಿ ಹಾಕುವ ಮುನ್ನ ಕಳೆದ ವರ್ಷದ ಬಿಲ್ ಪುಸ್ತಕವನ್ನು ತೆರೆದು, ಜಿಎಸ್‌ಟಿ ನಂಬರ್ ಬರೆಸಿದ ಗಿರಾಕಿಗಳನ್ನು ಎಣಿಸಿ. ವ್ಯಾಪಾರದ ಕಾಲು ಭಾಗ ಅವರದ್ದಾಗಿದ್ದರೂ ಕಾಂಪೋಸಿಷನ್‌ಗೆ ಹೋಗಬೇಡಿ.