ಭಾಗದ ನಂಬರ್ ಬದಲಾದರೆ ಏನು ಮಾಡಬೇಕು?

ಪ್ರಶ್ನೆ: ಹಿಂದೆ ಎಲ್‌ಡ್ರಾ (ಲೆಗೋ ತುಂಡುಗಳ ಕಂಪ್ಯೂಟರ್ ಮಾದರಿಗಳ ಸಂಗ್ರಹ) ಭಾಗಗಳಿಂದ ಲೆಗೋ ರೈಲೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದೆ. ಈಗ ತೆರೆದರೆ ಕೆಲವು ಭಾಗಗಳಿಗೆ ‘ಮೂವ್ಡ್ ಟು’ (ಇಲ್ಲಿಗೆ ಸರಿಸಲಾಗಿದೆ) ಎಂದು ಬರುತ್ತಿದೆ. ಫೈಲ್ ಕೆಟ್ಟಿದೆಯಾ?

ಉತ್ತರ: ಖಂಡಿತ ಇಲ್ಲ. ನಂಬರ್ ಬದಲಾಗಿದೆ, ಅಷ್ಟೇ. ಜೇಮ್ಸ್ ಜೆಸ್ಸಿಮನ್ 1995ರಲ್ಲಿ ಎಲ್‌ಡ್ರಾ ಶುರು ಮಾಡಿದರು. ಆಮೇಲೆ ಹವ್ಯಾಸಿಗಳು ಭಾಗಗಳನ್ನು ಸೇರಿಸುತ್ತಾ ಬಂದರು. ಒಂದೇ ಎಂದುಕೊಂಡಿದ್ದ ಭಾಗದಲ್ಲಿ ಎರಡು ಅಚ್ಚು ಕಂಡರೆ ನಂಬರನ್ನೂ ಬೇರೆ ಮಾಡುತ್ತಾರೆ. ನಡುವೆ ಒಂದೇ ಗುಬಟಿರುವ 1x2 ಪ್ಲೇಟ್ 3794 ನೋಡಿ. ಬುಡದಲ್ಲಿ ಗೀರು ಇಲ್ಲದ್ದು 3794ಎ, ಇರುವುದು 3794ಬಿ. ಹಳೆಯ ನಂಬರಿನ ಭಾಗದ ಫೈಲನ್ನು ಅಳಿಸದೆ, ಹೊಸದರ ಕಡೆ ಕಳಿಸುವಂತೆ ಉಳಿಸುತ್ತಾರೆ. ಯಾರೋ ಎಂದೋ ಕಟ್ಟಿದ್ದು ಇಂದಿಗೂ ತೆರೆದುಕೊಳ್ಳಲಿ ಎನ್ನುವ ಈ ಕಾಳಜಿ ನನಗೆ ತುಂಬಾ ಇಷ್ಟ.

ನೋಡಲು ಮಾತ್ರವಾದರೆ ಹಾಗೇ ಬಿಡಿ. ಭಾಗಗಳನ್ನು ಕೊಳ್ಳುವ ಪಟ್ಟಿ ಬೇಕಾದರೆ ಸರಿಪಡಿಸಲೇಬೇಕು. ಮೊದಲು ಒಂದು ಪ್ರತಿ ಎತ್ತಿಡಿ. ಎಂಎಲ್‌ಕ್ಯಾಡ್‌ನಂಥ ತಂತ್ರಾಂಶ ತಾನೇ ಬದಲಿಸಿಕೊಡುತ್ತದೆ, ಅದೇ ಸುಲಭ. ಕೈಯಿಂದ ಮಾಡುವುದಾದರೆ ನಿಮ್ಮ ರೈಲಿನ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. 1ರಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ಭಾಗದ ಹೆಸರಿರುತ್ತದೆ. ಅದನ್ನು ಮಾತ್ರ ತಿದ್ದಿ. ನಡುವಿನ ಅಂಕಿಗಳು ಬಣ್ಣ, ಜಾಗ ಮತ್ತು ದಿಕ್ಕು, ಅವನ್ನು ಸುಮ್ನೆ ಮುಟ್ಟಬೇಡಿ.

ಇನ್ನೊಂದು ಮಾತು. ಹಳೆಯ ನಂಬರಿನ ಭಾಗದ ಫೈಲನ್ನೂ ತೆರೆದು ನೋಡಿ. ಅದರಲ್ಲಿ ಬಣ್ಣದ ಸಂಖ್ಯೆ 16ರ ನಂತರ 0 0 0 1 0 0 0 1 0 0 0 1 ಎಂದಿದ್ದರೆ ಹೆಸರು ಬದಲಿಸಿದರೆ ಸಾಕು. ಬೇರೆ ಅಂಕಿಗಳಿದ್ದರೆ ಭಾಗ ಸರಿದಿರುತ್ತದೆ ಇಲ್ಲವೇ ತಿರುಗಿರುತ್ತದೆ. ಆಗ ತಂತ್ರಾಂಶಕ್ಕೇ ಬಿಡಿ.